ಗುಲಾಮರ ಆತ್ಮಕಥನದಲ್ಲಿ ಮನವೊಲಿಕೆ: ಕಾರವಾರ–ಅಂಕೋಲಾ ಸೀಮೆ

ಗುಲಾಮಗಿರಿ ಇಲ್ಲವೆ ಜೀತವನ್ನು ಉಂಡವರು ತಮ್ಮ ಬಾಳನ್ನು ತಾವೇ ಹೇಳುವಾಗ ಕೇಳುವವರನ್ನು ಒಪ್ಪಿಸುವ ಬಗೆಗಳನ್ನು ಕುರಿತದ್ದು ಈ ಲೇಖನ. ಮನವೊಲಿಕೆಗೆ ಅರಿಸ್ಟಾಟಲ್ ಮೂರು ದಾರಿ ತೋರಿಸಿದ: ಆಡುವವನ ಮೇಲಿನ ನಂಬಿಕೆ, ಕೇಳುವವನ ಕರುಳು, ಮಾತಿನ ತರ್ಕ. ಒಡೆಯ ಬಾಯಿ ತೆರೆದರೆ ನಂಬಿಕೆ ಪುಕ್ಕಟೆ ಸಿಗುತ್ತದೆ. ಆಳು ಅದನ್ನು ದುಡಿದು ತರಬೇಕು.

ಅಟ್ಲಾಂಟಿಕ್ ಸಾಗರದ ಆಚೀಚೆ ಗುಲಾಮರಾಗಿದ್ದವರು ತಂದ ಪುಸ್ತಕಗಳಲ್ಲಿ ಈ ದುಡಿಮೆ ಎದ್ದು ಕಾಣುತ್ತದೆ. ಒಲಾಡಾ ಇಕ್ವಿಯಾನೊ 1789ರಲ್ಲಿ ತನ್ನ ಕಥೆಯನ್ನು ಅಚ್ಚು ಹಾಕಿಸಿದಾಗ ‘ತಾನೇ ಬರೆದದ್ದು’ ಎಂದು ಮುಖಪುಟದಲ್ಲೇ ಸಾರಿದ. ಫ್ರೆಡರಿಕ್ ಡಗ್ಲಾಸ್‌ನ 1845ರ ಪುಸ್ತಕದ ಬಾಗಿಲಲ್ಲಿ ಇಬ್ಬರು ಬಿಳಿಯರ ಶಿಫಾರಸು ಕಾವಲು ನಿಂತಿತ್ತು. ಬರ್ಮುಡಾದಲ್ಲಿ ಹುಟ್ಟಿದ ಮೇರಿ ಪ್ರಿನ್ಸ್ 1831ರಲ್ಲಿ ತನ್ನ ಕಥೆ ಹೇಳಿದಳು. ಬರೆದುಕೊಂಡವಳು ಇನ್ನೊಬ್ಬಳು, ಸಂಪಾದಿಸಿದವನು ಥಾಮಸ್ ಪ್ರಿಂಗಲ್. ಅಷ್ಟಾದರೂ ಜನ ಸಂಶಯಪಟ್ಟರು. ಅದೇ ವರ್ಷದ ಮೂರನೆಯ ಮುದ್ರಣಕ್ಕೆ ಪ್ರಿಂಗಲ್‌ನ ಹೆಂಡತಿಯ ಪತ್ರವೊಂದು ಸೇರಿತು: ಮೇರಿಯ ಬೆನ್ನಿನ ಮೇಲೆ ಬಾಸುಂಡೆಯ ಗುರುತುಗಳನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು. ಬಾಯಿಯ ಮಾತು ಸಾಲದೆ ಬೆನ್ನು ಸಾಕ್ಷಿ ನುಡಿಯಬೇಕಾಯಿತು.

ಕಾರವಾರ–ಅಂಕೋಲಾ ಸೇರಿದ ಉತ್ತರ ಕನ್ನಡದಲ್ಲಿ, ಆಳಿನ ಮಾತನ್ನು ನಂಬುವವರು ಯಾರು ಎಂಬ ಈ ಪ್ರಶ್ನೆ ಮೊದಲು ತಗಲುವುದು ಆಫ್ರಿಕ ಮೂಲದ ಸಿದ್ದಿಗಳಿಗೆ. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ, ಹೆಚ್ಚಾಗಿ ಮೊಜಾಂಬಿಕ್ ಕಡೆಯಿಂದ, ಗುಲಾಮರಾಗಿ ಗೋವೆಗೆ ತಂದಿಳಿಸಿದವರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಗಡಿ ದಾಟಿ ಸಹ್ಯಾದ್ರಿಯ ಕಾಡು ಸೇರಿದರು. ಅವರ ಸಂತತಿ ಇಂದು ಹಳಿಯಾಳ, ಯಲ್ಲಾಪುರ, ಅಂಕೋಲಾ ಮುಂತಾದ ತಾಲೂಕುಗಳಲ್ಲಿದೆ. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರುಂಟು, ಮನೆಮಾತು ಕೊಂಕಣಿಯ ಒಂದು ಬಗೆ. ಆದರೆ ಅವರ ಕಥೆ ಅಚ್ಚಿಗೆ ಬಂದದ್ದು ಬಹುಪಾಲು ಪರರ ಲೇಖನಿಯಿಂದ: 1883ರ ಮುಂಬಯಿ ಗ್ಯಾಝೆಟಿಯರಿನ ಕೆನರಾ ಸಂಪುಟ, 1976ರ ಟಿ. ಸಿ. ಪಾಲಾಕ್ಷಪ್ಪನವರ ಅಧ್ಯಯನ. ಎಲ್ಲೆಲ್ಲೂ ‘ಅವರು’, ‘ನಾನು’ ಇಲ್ಲ. ವಿಚಿತ್ರವೆಂದರೆ ಕನ್ನಡ ನಾಡಿನ ಸೆರೆಯ ಬಗ್ಗೆ ‘ನಾನು’ ಎಂದು ಬರೆದವರಲ್ಲಿ ಒಬ್ಬ ಇಂಗ್ಲಿಷ್ ನಾವಿಕ. ಹೈದರ್–ಟಿಪ್ಪುವಿನ ರಾಜ್ಯದಲ್ಲಿ ಹತ್ತು ವರ್ಷ ಬಂದಿಯಾಗಿದ್ದ ಜೇಮ್ಸ್ ಸ್ಕರಿಯ ಕಥನ 1824ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವನ ಸ್ವದೇಶಿ ಓದುಗರು ಅಳಲು ತಯಾರಾಗಿಯೇ ಕುಳಿತಿದ್ದರು. ಕಾಡು ಸೇರಿದ ಸಿದ್ದಿಗೆ ಆ ಭಾಗ್ಯವಿರಲಿಲ್ಲ.

ಇನ್ನು ಕಾನೂನಿನ ಮಾತು. 1843ರ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ ಗುಲಾಮನ ಮೇಲಿನ ಒಡೆತನಕ್ಕೆ ಕೋರ್ಟಿನ ಮಾನ್ಯತೆ ತೆಗೆದುಹಾಕಿತು. ಪೋರ್ಚುಗೀಸ್ ಸಾಮ್ರಾಜ್ಯದ ರದ್ದತಿ ಆಜ್ಞೆ 1869ರದು. ಕಾಗದದ ಮೇಲೆ ಗುಲಾಮ ಮಾಯವಾದ, ಸಾಲಕ್ಕೆ ಸಿಕ್ಕ ಜೀತದಾಳು ಉಳಿದ. ಮದುವೆಗೋ ಕಾಯಿಲೆಗೋ ತಂದ ನಾಲ್ಕು ಕಾಸು, ಅದರ ಬಡ್ಡಿಗೆ ದುಡಿತ, ಅಪ್ಪನ ನಂತರ ಮಗ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ 15ನೆಯ ಕಲಮು ನನಗೆ ಈ ಇಡೀ ಚರಿತ್ರೆಯ ಅತಿ ಮುಖ್ಯ ವಾಕ್ಯವಾಗಿ ಕಾಣುತ್ತದೆ. ‘ಇದು ಜೀತದ ಸಾಲ’ ಎಂದು ಆಳು ಹೇಳಿದರೆ ಸಾಕು. ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಮೇರಿ ಪ್ರಿನ್ಸ್‌ಳ ಬೆನ್ನಿನಿಂದ ಕೇಳಿದ ಸಾಕ್ಷ್ಯವನ್ನು ಇಲ್ಲಿ ಒಡೆಯನ ಲೆಕ್ಕದ ವಹಿಯಿಂದ ಕೇಳಲಾಯಿತು.

ಕರಾವಳಿಯ ಗೇಣಿ ಪದ್ಧತಿ ಗುಲಾಮಗಿರಿಯಲ್ಲ, ಆದರೆ ಅಲ್ಲಿಯೂ ಒಕ್ಕಲಿನ ಮಾತಿಗೆ ಧಣಿಯೆದುರು ಬೆಲೆಯಿರಲಿಲ್ಲ. ಅಂಕೋಲೆಯ ಅಲಗೇರಿಯ ದಿನಕರ ದೇಸಾಯಿ ಅವರು ಆ ರೈತರ ಪರ ದನಿಯೆತ್ತಿದ್ದಕ್ಕೆ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಅವರದು ವಕಾಲತ್ತು, ಒಕ್ಕಲಿನ ಆತ್ಮಕಥೆಯಲ್ಲ. ಒಕ್ಕಲಿನ ಸ್ವಂತ ದನಿ ಹಾಡಿನಲ್ಲಿತ್ತು: 2017ರಲ್ಲಿ ಪದ್ಮಶ್ರೀ ಪಡೆದ, ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಓದುಬರಹ ಕಲಿಯದೆ ಹಾಲಕ್ಕಿ ಒಕ್ಕಲಿಗರ ಹಾಡಿನ ಕಣಜವನ್ನು ನೆನಪಿನಲ್ಲೇ ಹೊತ್ತಿದ್ದರು.

ಅಚ್ಚಿನಲ್ಲಿ ಆಳಿನ ‘ನಾನು’ ಗಟ್ಟಿಯಾಗಿ ನಿಂತದ್ದು ಘಟ್ಟದ ಮೇಲೆ, 1990ರ ದಶಕದ ದಲಿತ ಆತ್ಮಕಥೆಗಳಲ್ಲಿ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂತು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಮಂಚನಬೆಲೆಯ ಒಂದು ನೋಟವಿದೆ: ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ನೇಗಿಲು ಎಳೆಯುತ್ತಿದ್ದಾರೆ, ನೋಡುತ್ತಿರುವ ಹುಡುಗನಿಗೆ ಅವರಲ್ಲೊಬ್ಬ ತನ್ನ ಅಪ್ಪ. ಬರೆದವರು ಕಣ್ಣೀರು ಬೇಡುವುದಿಲ್ಲ. ಪುಸ್ತಕದ ತುಂಬ ನಗುವೇ ಹೆಚ್ಚು. ನನ್ನ ಮಟ್ಟಿಗೆ ಡಗ್ಲಾಸ್‌ನ ಆವೇಶಕ್ಕಿಂತ ಈ ನಗು ಹೆಚ್ಚು ಚುಚ್ಚುತ್ತದೆ.

ಸಿದ್ದಿಗಳ ‘ನಾನು’ ಪುಸ್ತಕಕ್ಕಿಂತ ಮೊದಲು ರಂಗದ ಮೇಲೆ ಕಾಣಿಸಿಕೊಂಡಿತು. ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ನೈಜೀರಿಯದ ಲೇಖಕ ಚಿನುವ ಅಚಿಬೆಯ ಕಾದಂಬರಿಯೊಂದನ್ನು ಆಧರಿಸಿದ ನಾಟಕವನ್ನು ಸಿದ್ದಿ ನಟರೇ ಆಡಿದರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ರಾಜ್ಯದ ಶಾಸನಸಭೆಯಲ್ಲಿ ಎದ್ದು ನಿಂತು ಮಾತಾಡಿದ ಮೊದಲಿಗರಾದರು.