ಟಿಪ್ಪು ಸುಲ್ತಾನ್: ಚರಿತ್ರೆಯ ಆಕರಗಳು

ಮೈಸೂರನ್ನು 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನನ ಜೀವನಚರಿತ್ರೆಗೆ ಆಧಾರವಾದ ಪತ್ರ, ದಾಖಲೆ ಹಾಗೂ ಇತಿಹಾಸ ಗ್ರಂಥಗಳ ಸಮೂಹ. ಇವು ಪರ್ಷಿಯನ್, ಕನ್ನಡ, ಮರಾಠಿ, ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿವೆ.

ಆಸ್ಥಾನದ ಕಡೆಯ ಮುಖ್ಯ ವೃತ್ತಾಂತ, ಟಿಪ್ಪು ಮತ್ತು ಆತನ ತಂದೆ ಹೈದರ್ ಇಬ್ಬರ ಸೇವೆಯಲ್ಲೂ ಇದ್ದ ಕಿರ್ಮಾನಿಯ ಪರ್ಷಿಯನ್ ಗ್ರಂಥ ‘ನಿಶಾನ್-ಎ-ಹೈದರಿ’. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810–17ರಲ್ಲಿ ಪ್ರಕಟಿಸಿದ ಇತಿಹಾಸವೂ ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಹೊರತಂದ ಟಿಪ್ಪುವಿನ ಪತ್ರಗಳ ಇಂಗ್ಲಿಷ್ ಅನುವಾದವೂ ಟಿಪ್ಪುವಿನ ವಿರುದ್ಧ ಗೆದ್ದ ಬ್ರಿಟಿಷರ ಕಡೆಯವು. ಎರಡನೆಯದರಲ್ಲಿ ಪತ್ರಗಳ ಆಯ್ಕೆ ಮತ್ತು ಟಿಪ್ಪಣಿ ಅನುವಾದಕನವು. ಟಿಪ್ಪು ಸ್ವಹಸ್ತದಿಂದ ಬರೆದ ಕನಸುಗಳ ಪುಸ್ತಕ ಆತನ ರಾಜಧಾನಿ ಶ್ರೀರಂಗಪಟ್ಟಣದ ಪತನಾನಂತರ ಅರಮನೆಯಲ್ಲಿ ಸಿಕ್ಕಿತು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಶೃಂಗೇರಿ ಮಠದಲ್ಲಿ ಪುರಾತತ್ವಜ್ಞ ಆರ್. ನರಸಿಂಹಾಚಾರ್ 1916ರಲ್ಲಿ ಬೆಳಕಿಗೆ ತಂದ ಕನ್ನಡ ಪತ್ರಗಳಲ್ಲಿ, 1791ರ ಮರಾಠಾ ಸೇನೆಯ ದಾಳಿಯ ಬಳಿಕ ಶಾರದಾ ವಿಗ್ರಹದ ಪುನಃಪ್ರತಿಷ್ಠೆಗೆ ಟಿಪ್ಪು ಕೊಟ್ಟ ನೆರವಿನ ವಿವರವಿದೆ. ಇನ್ನೊಂದೆಡೆ, ಟಿಪ್ಪುವಿನ ಕಾಲದಲ್ಲಿ ಕೊಡಗು ಮತ್ತು ಮಲಬಾರಿನ ಜನರ ಹಾಗೂ ಕೆನರಾ ಕ್ರೈಸ್ತರ ಸೆರೆ ಮತ್ತು ಮತಾಂತರದ ಕುರಿತ ಸಂಖ್ಯೆಗಳು ಆಕರದಿಂದ ಆಕರಕ್ಕೆ ಬದಲಾಗುತ್ತವೆ.

ಬರೆದವನ ಸ್ಥಾನ, ಬರೆದ ಕಾಲ, ಉದ್ದೇಶ ಮತ್ತು ಮೂಲಪಾಠದೊಂದಿಗಿನ ತಾಳೆ ಈ ಆಕರಗಳ ಪರಿಶೀಲನೆಯ ಮುಖ್ಯ ಅಳತೆಗೋಲುಗಳು. ನೆರವು ಮತ್ತು ದಮನ ಎರಡಕ್ಕೂ ದಾಖಲೆಗಳಿರುವುದರಿಂದ ಒಂದೇ ಕಡೆಯ ಆಕರದಿಂದ ಚರಿತ್ರೆ ಪೂರ್ಣವಾಗುವುದಿಲ್ಲ.