ಗೆಲ್ಲದ ಪಕ್ಷವೊಂದರ ಕಥೆ

ಇತಿಹಾಸವನ್ನು ಬೋಧಿಸುವಾಗ ಗೆದ್ದವರ ಕಥೆಯನ್ನೇ ಹೇಳುವುದು ನಮ್ಮ ರೂಢಿ. ದಕ್ಷಿಣ ಆಫ್ರಿಕವೆಂದೊಡನೆ ಮಂಡೇಲಾ ಮತ್ತು ಅವರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನೆನಪಾಗುವುದು ಸಹಜ. ಅಲ್ಲಿಯೇ ಹದಿನೈದು ವರ್ಷ ಮಾತ್ರ ಬಾಳಿದ ಲಿಬರಲ್ ಪಕ್ಷದ ಬಗೆಗೆ ಈ ದಿನ ಬರೆಯಬೇಕೆನಿಸಿದೆ.

1953ರ ಮೇ ತಿಂಗಳಲ್ಲಿ ಸ್ಥಾಪನೆಯಾದ ಈ ಪಕ್ಷಕ್ಕೆ ಮಾರ್ಗರೆಟ್ ಬ್ಯಾಲಿಂಜರ್ ಮೊದಲ ಅಧ್ಯಕ್ಷೆ. 'ಕ್ರೈ, ದಿ ಬಿಲವೆಡ್ ಕಂಟ್ರಿ' ಕಾದಂಬರಿಯಿಂದ ಖ್ಯಾತರಾಗಿದ್ದ ಆಲನ್ ಪೇಟನ್ ಸ್ಥಾಪಕರಲ್ಲೊಬ್ಬರು. ಮುಂದೆ ಅವರೇ ಅಧ್ಯಕ್ಷರಾದರು. ಸದಸ್ಯತ್ವವು ಎಲ್ಲ ವರ್ಣದವರಿಗೂ ತೆರೆದಿತ್ತು. ಆದರೆ ಮತ ಹಾಕಲು ವಿದ್ಯೆ, ಆದಾಯ ಮೊದಲಾದ ಅರ್ಹತೆಗಳಿರಬೇಕೆಂಬುದು ಆರಂಭದ ನಿಲುವು. ಶಾಲೆಯ ಬಾಗಿಲನ್ನೇ ಕಾಣಗೊಡದ ಜನರನ್ನು ವಿದ್ಯೆಯಿಂದ ಅಳೆಯುವುದು ಎಂಥ ನ್ಯಾಯ? 1960ರ ಹೊತ್ತಿಗೆ ಪಕ್ಷವು ಆ ನಿಲುವನ್ನು ಕೈಬಿಟ್ಟು, ಎಲ್ಲ ವಯಸ್ಕರಿಗೂ ಮತದ ಹಕ್ಕು ಬೇಕೆಂದಿತು. ಮತದಾರರಲ್ಲಿ ಬಹುಪಾಲು ಬಿಳಿಯರೇ ಇದ್ದ ದೇಶದಲ್ಲಿ ಇದು ಸೋಲನ್ನು ತಾನೇ ಬರಮಾಡಿಕೊಂಡಂತೆ. ಬಿಳಿಯರ ಕ್ಷೇತ್ರಗಳಲ್ಲಿ ಅದು ಒಂದು ಸ್ಥಾನವನ್ನೂ ಗೆಲ್ಲಲಿಲ್ಲ.

ಆದರೂ ಕೆಲಸ ನಿಲ್ಲಲಿಲ್ಲ. ನಟಾಲ್ ಪ್ರಾಂತ್ಯದಲ್ಲಿ ತಾವೇ ಕೊಂಡ ನೆಲದಿಂದ ಒಕ್ಕಲೆಬ್ಬಿಸಲ್ಪಡುತ್ತಿದ್ದ ಆಫ್ರಿಕನ್ನರ ಪರವಾಗಿ ಪೀಟರ್ ಬ್ರೌನ್ ಮತ್ತು ಸಂಗಡಿಗರು ದುಡಿದರು. ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಕೊಂದ 1960ರಲ್ಲಿ ಬ್ರೌನ್ ಬಂಧನಕ್ಕೊಳಗಾದರು. 1964ರಲ್ಲಿ ಅವರ ಸಾರ್ವಜನಿಕ ಬದುಕಿನ ಮೇಲೆಯೇ ನಿರ್ಬಂಧ ಬಿದ್ದಿತು. ಪೇಟನ್‌ರ ಪಾಸ್‌ಪೋರ್ಟನ್ನು ಸರಕಾರ 1960ರಲ್ಲಿಯೇ ಕಿತ್ತುಕೊಂಡಿತ್ತು. ಅದೇ 1964ರಲ್ಲಿ ಕೆಲವು ಯುವ ಸದಸ್ಯರು ವಿಧ್ವಂಸಕ ಕೃತ್ಯಗಳ ಹಾದಿ ಹಿಡಿದದ್ದು ಬಯಲಾಗಿ, ಅಹಿಂಸೆಯನ್ನು ನಂಬಿದ್ದ ಪಕ್ಷಕ್ಕೆ ಒಳಗಿನಿಂದಲೂ ಪೆಟ್ಟು ಬಿದ್ದಿತು.

1968ರಲ್ಲಿ ಬಂದ ಕಾನೂನು, ಬೇರೆಬೇರೆ ವರ್ಣದವರು ಒಂದೇ ಪಕ್ಷದಲ್ಲಿರುವುದನ್ನು ನಿಷೇಧಿಸಿತು. ಉಳಿದದ್ದು ಎರಡೇ ದಾರಿ: ಬಿಳಿಯರಲ್ಲದ ಸದಸ್ಯರನ್ನು ಹೊರಹಾಕುವುದು, ಇಲ್ಲವೇ ಪಕ್ಷವನ್ನೇ ಮುಚ್ಚುವುದು. ಲಿಬರಲ್ಲರು ಮುಚ್ಚಿದರು. ಪ್ರೊಗ್ರೆಸಿವ್ ಪಕ್ಷವು ಬಿಳಿಯರ ಪಕ್ಷವಾಗಿ ಉಳಿಯಿತು.

ಯಾರು ಸರಿ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಪ್ರೊಗ್ರೆಸಿವ್ ಪಕ್ಷ ಉಳಿದದ್ದರಿಂದಲೇ ಅದರ ಏಕೈಕ ಸದಸ್ಯೆ ಹೆಲೆನ್ ಸುಜ್ಮನ್ ಸಂಸತ್ತಿನಲ್ಲಿ ಕೈದಿಗಳ ಪರ ದನಿಯೆತ್ತುವುದನ್ನು ಮುಂದುವರಿಸಲು ಸಾಧ್ಯವಾಯಿತು. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೂ ಜೊತೆಗೆ ಕುಳಿತವನನ್ನು ಎಬ್ಬಿಸಿ ಕಳುಹಿಸಿ ತಾನು ಕುಳಿತಿರಲಾರೆನೆಂದ ಪಕ್ಷವೇ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. ಆ ಕಾನೂನು 1985ರಲ್ಲಿ ರದ್ದಾಯಿತು. 1988ರಲ್ಲಿ ತೀರಿಕೊಂಡ ಪೇಟನ್, ಎಲ್ಲ ವರ್ಣದವರೂ ಮತ ಹಾಕಿದ 1994ರ ಚುನಾವಣೆಯನ್ನು ಕಾಣಲಿಲ್ಲ. ಪಕ್ಷ ಸೋತಿತು, ನಿಜ. ಅದು ಕೇಳಿದ್ದ ಮತದ ಹಕ್ಕು ಮಾತ್ರ ಕೊನೆಗೂ ದೇಶಕ್ಕೆ ದಕ್ಕಿತು.