ಬೀಪ್ ಬೀಪ್ ಸದ್ದು ಮತ್ತು ನಾನು ಹತ್ತಿದ ಡಬ್ಬಿ

ನಮ್ಮ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಡೆ ಬೀಪ್... ಬೀಪ್... ಅಂತ ಸದ್ದು ಬರುತ್ತಿರುತ್ತದೆ. ಲೋಕಲ್ ಟ್ರೇನಿನ ಅಂಗವಿಕಲರ ಡಬ್ಬಿ ಅಲ್ಲಿ ಬಂದು ನಿಲ್ಲುತ್ತದೆ ಎಂದು ಕಣ್ಣು ಕಾಣದವರಿಗೆ ತಿಳಿಸುವ ಸದ್ದು ಅದು. ಊರು ಬಿಟ್ಟು ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಆದರೂ ಬಹಳ ಕಾಲ ಅದೇನೋ ವಯರಿಂಗ್ ಕೆಟ್ಟಿರಬೇಕು ಅಂದುಕೊಂಡಿದ್ದೆ!

ಸ್ವಲ್ಪ ಹಿಂದಕ್ಕೆ ಹೋಗೋಣ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಓಡಿತು, 34 ಕಿಲೋಮೀಟರು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ದುಡ್ಡಿದ್ದವರಿಗೆ ಫಸ್ಟ್ ಕ್ಲಾಸು, ಇಲ್ಲದವರಿಗೆ ಥರ್ಡ್ ಕ್ಲಾಸು. ಆ ಥರ್ಡ್ ಕ್ಲಾಸು ಹೋದದ್ದು 1974ರಲ್ಲಿ. ಜೇಬು ನೋಡಿ ಜನರನ್ನು ವಿಂಗಡಿಸಲು ರೈಲಿಗೆ ಮೊದಲಿನಿಂದಲೂ ಗೊತ್ತಿತ್ತು. ಕಾಲು ನಡೆಯುತ್ತದೋ ಇಲ್ಲವೋ ಅಂತ ಕೇಳುವ ಕಾನೂನು ಬಂದದ್ದು ಮಾತ್ರ 1995ರಲ್ಲಿ. ಹೊಸದಾಗಿ ನಕ್ಷೆ ಹಾಕಿ ಕಟ್ಟಿದ ನವಿಮುಂಬಯಿಗೂ, ಅಂದರೆ ವಾಶಿಗೆ, ಲೋಕಲ್ ಬಂದದ್ದು 1992ರಲ್ಲಿ. ಕಾನೂನಿಗಿಂತ ಮೂರು ವರ್ಷ ಮೊದಲು.

ಆ ಕಾನೂನಿನ 44ನೇ ಸೆಕ್ಷನ್ನಿನಲ್ಲಿ ಒಂದು ತಮಾಷೆ ಇದೆ. ರೈಲು ಡಬ್ಬಿ, ಬಸ್ಸುಗಳನ್ನು ಅಂಗವಿಕಲರಿಗೆ ಹೊಂದುವಂತೆ ಮಾಡಬೇಕು, ಆದರೆ "ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ" ಎಂದು ಅದರ ಅರ್ಥ. ನಮ್ಮ ಮನೆಯಲ್ಲಿ ಮಕ್ಕಳಿಗೆ "ದುಡ್ಡಿದ್ರೆ ತೆಗೆಸಿಕೊಡ್ತೇನೆ" ಅಂದ ಹಾಗೆ!

ಇನ್ನು ನನ್ನ ಕಥೆ. 2003ರ ಒಂದು ಬೆಳಿಗ್ಗೆ ಸೆಕೆಂಡ್ ಕ್ಲಾಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀದಾ ಅಂಗವಿಕಲರ ಡಬ್ಬಿ ಹತ್ತಿ ಕೂತುಬಿಟ್ಟೆ. ನಾನೊಬ್ಬನೇ ಅಲ್ಲ, ನನ್ನಂಥ ಗಟ್ಟಿಮುಟ್ಟಾದವರು ನಾಲ್ಕೈದು ಜನ ಇದ್ದರು. ಒಬ್ಬ ಅಂಧರು ಕೋಲು ಹಿಡಿದು ಬಂದು ಸೀಟು ತಡವಿದರು. ಕೈಗೆ ಸಿಕ್ಕಿದ್ದು ನನ್ನ ಮೊಣಕಾಲು. "ಭಾಯಿಸಾಬ್, ನಿಮಗೇನು ತೊಂದರೆ?" ಎಂದು ಹಿಂದಿಯಲ್ಲಿ ಕೇಳಿದರು. "ಬೆನ್ನು ನೋವು" ಅಂದೆ. ಅಪ್ಪಟ ಸುಳ್ಳು. "ಹಾಗಾದರೆ ಕೂತ್ಕೊಳ್ಳಿ" ಅಂದವರು ಥಾಣೆಯವರೆಗೆ ಕಂಬ ಹಿಡಿದು ನಿಂತೇ ಬಂದರು. ನಾನು ಏಳಲಿಲ್ಲ. ಎದ್ದರೆ ಸುಳ್ಳು ಗೊತ್ತಾಗುತ್ತದಲ್ಲ ಅಂತ.

2014ರ ಜನವರಿಯಲ್ಲಿ ಘಾಟ್ಕೋಪರಿನಲ್ಲಿ ಕಾಲೇಜು ಹುಡುಗಿಯೊಬ್ಬಳು ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡಳು. ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು, ಪ್ಲಾಟ್‌ಫಾರ್ಮುಗಳನ್ನು ಎತ್ತರಿಸುವ ಕೆಲಸಕ್ಕೆ ವೇಗ ಬಂತು. ಅದೇ ಸಂದಿ ಅದಕ್ಕೂ ಮೊದಲು ಊರುಗೋಲಿನವರಿಗೆ ಎಷ್ಟು ವರ್ಷದಿಂದ ಇತ್ತು? ನಮ್ಮಂಥವರ ಮಕ್ಕಳು ಬಿದ್ದ ಮೇಲೆ ನಮ್ಮ ಕಣ್ಣಿಗೆ ಬಿತ್ತು, ಅಷ್ಟೆ.

2016ರಲ್ಲಿ ಹೊಸ ಕಾನೂನು ಬಂತು. ಏಳು ಬಗೆಯ ವೈಕಲ್ಯ ಇದ್ದದ್ದು 21 ಆಯಿತು. ಡಬ್ಬಿಯ ಮೇಲೆ "ಅಪಂಗ" ಹೋಗಿ "ದಿವ್ಯಾಂಗ" ಬಂತು. ಹೆಸರು ಬದಲಿಸಲು ಸಿಮೆಂಟು ಬೇಕಾಗುವುದಿಲ್ಲ ನೋಡಿ.

ಮರುವರ್ಷ ನಾನು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಪ್ಲಾಸ್ಟರ್, ಊರುಗೋಲು. ರಜೆ ಮುಗಿದ ಮೇಲೆ ದಿನಾ ಹತ್ತುವ ಪಾದಚಾರಿ ಸೇತುವೆಯ ಮೆಟ್ಟಿಲುಗಳನ್ನು ಮೊದಲ ಸಲ ಎಣಿಸಿದೆ. ನಡುವೆ ಎರಡು ಸಲ ಕೂತೆ. ಸರ್ಟಿಫಿಕೇಟು ಸಿಗಬೇಕಾದರೆ ಶೇ. 40 ವೈಕಲ್ಯ ಇರಬೇಕು, ಮುರಿದ ಕಾಲಿಗೆ ಅದೆಲ್ಲಿ ಸಿಗುತ್ತದೆ? ಹೆದರುತ್ತಲೇ ಆ ಡಬ್ಬಿ ಹತ್ತಿದೆ. ಪೋಲಿಯೋ ಆದ ಯುವಕನೊಬ್ಬ ಸರಿದು ಜಾಗ ಕೊಟ್ಟ. "ಎಷ್ಟು ದಿನ ಅಂಕಲ್?" "ಇನ್ನು ಆರು ವಾರ." "ಹೋ, ಬೇಗ ಮುಗಿಯುತ್ತೆ" ಅಂದ.

ಈಗ ನಮ್ಮಲ್ಲಿ ಲಿಫ್ಟು, ಎಸ್ಕಲೇಟರು ಬಂದಿವೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಇನ್ನೊಂದು ಮುಖ್ಯವಾದ ಮಾತು ಹೇಳಿತು: ಇಂಥ ಸೌಕರ್ಯಗಳ ನಿಯಮಗಳು ಬರೀ ಸಲಹೆಯಾದರೆ ಸಾಲದು, ಕಡ್ಡಾಯ ಆಗಬೇಕು. ಸರಕಾರಕ್ಕೆ ಮೂರು ತಿಂಗಳ ಗಡುವನ್ನೂ ಕೊಟ್ಟಿತು. ಅರ್ಜಿ ಹಾಕಿದ್ದವರು ರಾಜೀವ್ ರತೂರಿ, ಅವರಿಗೂ ದೃಷ್ಟಿದೋಷ. ಅವರು ಕೋರ್ಟಿಗೆ ಹೋದದ್ದು 2005ರಲ್ಲಿ, ನಾನು ಬೆನ್ನು ನೋವು ಅಂತ ಸುಳ್ಳು ಹೇಳಿ ಎರಡು ವರ್ಷಕ್ಕೆ.